ಡಿಡ್ಜರಿಡೂ ತಂಬೂರಿಯಲ್ಲ: ಕೊಳವೆ ಆರಿಸುವುದರಿಂದ ವೇದಿಕೆಯವರೆಗೆ

ಮೊದಲ ಸಲ ಡಿಡ್ಜರಿಡೂ, ಅಂದರೆ ಬಾಯಿಂದ ಊದುವ ಉದ್ದನೆಯ ಟೊಳ್ಳು ಕೊಳವೆ, ಹಿಡಿದು ವೇದಿಕೆ ಹತ್ತಿದಾಗ ನಾನು ಭಾವಗೀತೆ ಹಾಡುವ ಒಬ್ಬರ ಹಿಂದೆ ಕೂತಿದ್ದೆ. ಏಳು ನಿಮಿಷ ಒಂದೇ ಸಮನೆ ನಾದ ಹಿಡಿದೆ. ಉಸಿರು ಎಲ್ಲೂ ಕಡಿಯಲಿಲ್ಲ. ಕೆಳಗಿಳಿದ ಮೇಲೆ ಅವರು ಮೆಲ್ಲಗೆ ಕೇಳಿದರು: "ಇಷ್ಟನ್ನ ತಂಬೂರಿನೇ ಮಾಡ್ತಿತ್ತು, ಅಲ್ವಾ?" ಅವರ ಮಾತು ಸರಿಯಾಗಿತ್ತು. ಆ ಪ್ರಶ್ನೆಯಿಂದಲೇ ನನ್ನ ನಿಜವಾದ ಕಲಿಕೆ ಶುರುವಾಯಿತು.

ಈ ವಾದ್ಯದ ಹುಟ್ಟೂರು ಆಸ್ಟ್ರೇಲಿಯಾದ ಉತ್ತರ ತುದಿ. ಅಲ್ಲಿನ ಆರ್ನ್‌ಹೆಮ್ ಲ್ಯಾಂಡ್‌ನಲ್ಲಿ ಹಾಡುವವರು ಎರಡು ಗಟ್ಟಿ ಕೋಲುಗಳನ್ನು ಒಂದಕ್ಕೊಂದು ಬಡಿಯುತ್ತಾ ಹಾಡುತ್ತಾರೆ. ಕೋಲಿನ ಹೆಸರು ಬಿಳ್ಮ. ಕೊಳವೆ ಹಿಡಿದವನು ಆ ಪೆಟ್ಟುಗಳ ನಡುವೆ ಉಸಿರಿನಿಂದಲೇ ನಡೆ ಕಟ್ಟುತ್ತಾನೆ. ಕುಣಿಯುವವರ ಕಾಲು ಅದನ್ನು ಹಿಡಿಯುತ್ತದೆ. ಅಂದರೆ ಇದು ಶ್ರುತಿಗೆ ಇಟ್ಟ ವಾದ್ಯವಲ್ಲ, ಲಯವಾದ್ಯ. ನಮ್ಮಲ್ಲಿ ಇದರ ಹತ್ತಿರದ ನೆಂಟ ತಂಬೂರಿ ಅಲ್ಲ, ಬಾಯಿಗೆ ಹಿಡಿದು ಬೆರಳಿಂದ ಮೀಟುವ ಮೋರ್ಸಿಂಗ್. ಸ್ವರ ಒಂದೇ. ಬಾಯಿಯ ಆಕಾರ ಬದಲಾದಂತೆ ಅದರ ಬಣ್ಣ ಬದಲಾಗುತ್ತದೆ. ನಾಲಿಗೆಯಲ್ಲಿ ಲಯ ಹುಟ್ಟುತ್ತದೆ. ಕೆಳಗೆ ಹೇಳುವ ಎಲ್ಲ ಹೆಜ್ಜೆಗಳೂ ಈ ಒಂದು ಮಾತಿನ ಮೇಲೆ ನಿಂತಿವೆ.

ಮೊದಲ ಹೆಜ್ಜೆ: ಇದು ಯಾರದು ಅಂತ ತಿಳಿಯಿರಿ

'ಡಿಡ್ಜರಿಡೂ' ಅನ್ನುವುದು ಹೊರಗಿನವರು ಇಟ್ಟ ಹೆಸರು. ಸದ್ದು ಕೇಳಿ ಕಟ್ಟಿದ ಪದ ಇರಬೇಕು ಅಂತ ಹೆಚ್ಚಿನವರ ಅಭಿಪ್ರಾಯ. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಅದು ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ಈಶಾನ್ಯ ಆರ್ನ್‌ಹೆಮ್ ಲ್ಯಾಂಡ್‌ನ ಯೋಲ್ಙು ಜನರಿಗೆ ಇದು ಯಿಡಕಿ. ಪಶ್ಚಿಮ ಭಾಗದವರಿಗೆ ಮಾಗೊ. 2011ರಲ್ಲಿ ಯೋಲ್ಙು ಜನರಲ್ಲಿ ಒಬ್ಬರು ತೀರಿಕೊಂಡರು. ಅವರ ಹೆಸರು ಯಿಡಕಿ ಎಂಬ ಪದದ ಹಾಗೇ ಕೇಳುತ್ತಿತ್ತು. ಸತ್ತವರ ಹೆಸರನ್ನು ಬಾಯಲ್ಲಿ ಆಡಬಾರದು ಎಂಬ ಗೌರವದಿಂದ ಹಲವರು ಯಿಡಕಿ ಎಂಬ ಪದವನ್ನೇ ಬದಿಗಿಟ್ಟು 'ಮಣ್ಡಪುಲ್' ಎನ್ನತೊಡಗಿದರು. ಒಂದು ಪದಕ್ಕೆ ಇಷ್ಟು ಗೌರವ ಕೊಡುವ ಜನರ ವಾದ್ಯ ಇದು. ಇದೇ ಕಾರಣಕ್ಕೆ ಈ ಲೇಖನದಲ್ಲೂ ಅವರ ಪೈಕಿ ತೀರಿಕೊಂಡ ವಾದಕರ ಹೆಸರು ಬರೆದಿಲ್ಲ.

ಕನ್ನಡಿಗರಾದ ನಮಗೆ ಇಲ್ಲೊಂದು ಅನುಕೂಲ ಇದೆ. ಯೋಲ್ಙು ಭಾಷೆಗಳಲ್ಲೂ ನಮ್ಮ ಹಾಗೆ ತ ಬೇರೆ, ಟ ಬೇರೆ. ನ ಬೇರೆ, ಣ ಬೇರೆ. ಲ ಬೇರೆ, ಳ ಬೇರೆ. ಬಿಳ್ಮ ಎಂಬ ಪದದ ಳ ನಮ್ಮ 'ಹಳ್ಳಿ'ಯ ಳ. ಹಾಗಾಗಿ ಆ ಹೆಸರುಗಳನ್ನು ನಾವು ಸರಿಯಾಗಿ ಉಚ್ಚರಿಸಬಲ್ಲೆವು. ವೇದಿಕೆಯಲ್ಲಿ ಹೇಳುವಾಗ ಸರಿಯಾಗಿಯೇ ಹೇಳಿ.

ಎರಡು ವಿಷಯದಲ್ಲಿ ಎಚ್ಚರ ಬೇಕು. ಯೋಲ್ಙು ಹಾಡುಗಳಿಗೆ ಮನಿಕಾಯ್ ಎನ್ನುತ್ತಾರೆ. ಅವು ಒಂದೊಂದು ಕುಲಕ್ಕೆ ಸೇರಿದ ಆಸ್ತಿ. ಅವುಗಳ ಜೊತೆ ಬರುವ ನಡೆಗಳನ್ನು ರೆಕಾರ್ಡಿಂಗ್ ಕೇಳಿ ಎತ್ತಿಕೊಂಡು ನಿಮ್ಮ ಹಾಡಿಗೆ ಹಾಕಬೇಡಿ. ಕೇಳಿ, ಕಲಿಯಿರಿ, ಆಮೇಲೆ ನಿಮ್ಮದೇ ನಡೆ ಕಟ್ಟಿ. ಎರಡನೆಯದು ಹೆಣ್ಣುಮಕ್ಕಳು ನುಡಿಸುವ ವಿಷಯ. ಆರ್ನ್‌ಹೆಮ್ ಲ್ಯಾಂಡ್‌ನ ವಿಧಿಗಳಲ್ಲಿ ಗಂಡಸರು ಮಾತ್ರ ಇದನ್ನು ನುಡಿಸುತ್ತಾರೆ. ವಿಧಿಯ ಹೊರಗೆ ಹೆಂಗಸರು ನುಡಿಸಬಹುದೇ ಅನ್ನುವುದರಲ್ಲಿ ಬೇರೆ ಬೇರೆ ಸಮುದಾಯಗಳದ್ದು ಬೇರೆ ಬೇರೆ ಅಭಿಪ್ರಾಯ. ನೀವು ಹೆಣ್ಣಾಗಿದ್ದು ಆಸ್ಟ್ರೇಲಿಯಾದಲ್ಲಿ ನುಡಿಸುವ ಅವಕಾಶ ಬಂದರೆ, ಆ ನೆಲದ ಮೂಲ ಜನರನ್ನು ಮೊದಲೇ ಕೇಳಿಕೊಳ್ಳಿ. ಸಿಡ್ನಿ, ಮೆಲ್ಬರ್ನ್‌ನ ಕನ್ನಡ ಸಂಘಗಳಲ್ಲಿ ಕಾರ್ಯಕ್ರಮ ಕೊಡುವವರಿಗೂ ಇದು ಅನ್ವಯಿಸುತ್ತದೆ.

ಎರಡನೇ ಹೆಜ್ಜೆ: ಕೊಳವೆ ಆರಿಸುವುದು

ಮೊದಲು ಪಿವಿಸಿ ಪೈಪ್‌ನಲ್ಲಿ ಕಲಿಯಿರಿ. ಇದರಲ್ಲಿ ನಾಚಿಕೆ ಏನೂ ಇಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಒಂದೂವರೆ ಇಂಚಿನ ಪೈಪ್ ಸಾಕು. ಉದ್ದವೇ ಶ್ರುತಿಯನ್ನು ತೀರ್ಮಾನಿಸುತ್ತದೆ. ಸುಮಾರು 130 ಸೆಂಟಿಮೀಟರ್ ಇದ್ದರೆ ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಬಿಳಿ ಒಂದು, ಅಂದರೆ ಸಿ. 123ಕ್ಕೆ ಕಪ್ಪು ಒಂದು. 116ಕ್ಕೆ ಬಿಳಿ ಎರಡು, ಅಂದರೆ ಡಿ. 103ಕ್ಕೆ ಬಿಳಿ ಮೂರು. ಮೂರು ಸೆಂಟಿಮೀಟರ್ ಜಾಸ್ತಿಯೇ ಇಟ್ಟು ಕತ್ತರಿಸಿ. ಆಮೇಲೆ ಟ್ಯೂನರ್ ಆ್ಯಪ್ ನೋಡುತ್ತಾ ಸ್ವಲ್ಪ ಸ್ವಲ್ಪವೇ ಗರಗಸ ಹಾಕಿ. ಕತ್ತರಿಸಿದ ತುಂಡು ಮತ್ತೆ ಅಂಟುವುದಿಲ್ಲ. ಅಂಚನ್ನು ಉಪ್ಪುಕಾಗದದಿಂದ ಚೆನ್ನಾಗಿ ಉಜ್ಜಿ. ಪೈಪ್‌ಗೆ ಬಿಸಿ ಹಿಡಿದು ಬಾಯಿ ಅಗಲ ಮಾಡುವ ವಿಡಿಯೋಗಳು ಬಹಳ ಇವೆ. ಪಿವಿಸಿ ಕರಗಿದರೆ ವಿಷದ ಹೊಗೆ ಬರುತ್ತದೆ, ಅಡುಗೆಮನೆಯಲ್ಲಂತೂ ಆ ಪ್ರಯತ್ನ ಬೇಡ.

ತುಟಿ ಇಡುವ ತುದಿಗೆ ಜೇನುಮೇಣ ಬೇಕು. ಕೊಡಗು, ಮಲೆನಾಡಿನ ಕಡೆ ಒಳ್ಳೆಯದು ಸಿಗುತ್ತದೆ. ಬಿಸಿನೀರಲ್ಲಿ ಮೆತ್ತಗೆ ಮಾಡಿ, ಬಳ್ಳಿಯ ಹಾಗೆ ಹೊಸೆದು, ಅಂಚಿಗೆ ಸುತ್ತಿ ಒತ್ತಿ. ಒಳಗಿನ ತೂತು ಸುಮಾರು 3 ಸೆಂಟಿಮೀಟರ್ ಇರಲಿ. ಮೊಂಬತ್ತಿಯ ಮೇಣ ಬೇಡ, ಅದು ಬಿರಿಯುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ವಾದ್ಯ ಬಿಟ್ಟು ಹೋದರೆ ಮೇಣ ಮೆತ್ತಗಾಗಿ ಆಕಾರ ಕೆಡುತ್ತದೆ.

ಹಾಡುವವರ ಶ್ರುತಿ ಬಿಳಿ ಐದು ಆದರೆ ಏನು ಮಾಡುವುದು? ಸಿ ಕೊಳವೆ ಆಗ ಮಧ್ಯಮವಾಗಿ ಬಿಡುತ್ತದೆ. ಎಲ್ಲ ರಾಗಕ್ಕೂ ಅದು ಕೂಡಿಬರುವುದಿಲ್ಲ. 175 ಸೆಂಟಿಮೀಟರ್ ಹತ್ತಿರದ ಉದ್ದ ಕೊಳವೆ ಮಾಡಿಕೊಂಡರೆ ಕೆಳಗಿನ ಷಡ್ಜ ಸಿಗುತ್ತದೆ. ಆದರೆ ಉದ್ದ ಕೊಳವೆಯಲ್ಲಿ ಬೇಗದ ನಡೆ ಕಷ್ಟ. ಮೋರ್ಸಿಂಗ್ ವಾದಕರು ನಾಲ್ಕಾರು ಶ್ರುತಿಯ ಮೋರ್ಸಿಂಗ್ ಇಟ್ಟುಕೊಳ್ಳುತ್ತಾರಲ್ಲ, ನಾವೂ ಹಾಗೇ ಮಾಡಬೇಕು. ಇನ್ನೊಂದು ದಾರಿ ಎಂದರೆ ಒಂದರೊಳಗೆ ಒಂದು ಜಾರುವ ಎರಡು ಪೈಪ್. ಆಸ್ಟ್ರೇಲಿಯಾದ ಚಾರ್ಲಿ ಮೆಕ್‌ಮಹನ್ ಹೀಗೆ ಜಾರುವ 'ಡಿಡ್ಜರಿಬೋನ್' ಮಾಡಿದರು. ಅದರಲ್ಲಿ ನುಡಿಸುತ್ತಲೇ ಶ್ರುತಿ ಬದಲಿಸಬಹುದು.

ಮರದ ಕೊಳವೆಗೆ ಬರೋಣ. ಸಾಂಪ್ರದಾಯಿಕವಾಗಿ ಅದನ್ನು ಕೊರೆದು ಟೊಳ್ಳು ಮಾಡುವುದಿಲ್ಲ. ಸ್ಟ್ರಿಂಗಿಬಾರ್ಕ್‌ನಂಥ ನೀಲಗಿರಿ ಜಾತಿಯ ಮರಗಳ ತಿರುಳನ್ನು ಗೆದ್ದಲು ತಿಂದು ಟೊಳ್ಳು ಮಾಡಿರುತ್ತದೆ. ಮಾಡುವವರು ಕಾಡಲ್ಲಿ ಮರ ಬಡಿದು, ಸದ್ದು ಕೇಳಿ, ಟೊಳ್ಳು ಎಷ್ಟಿದೆ ಎಂದು ತಿಳಿಯುತ್ತಾರೆ. ಹಾಗಾಗಿ ಪ್ರತಿ ಯಿಡಕಿಯ ಒಳಗೂ ಬೇರೆಯದೇ ಆಕಾರ. ತುಟಿ ಬಿಗಿ ಮಾಡಿ ಊದಿದಾಗ ಕಹಳೆಯಂಥ ಮೇಲಿನ ಸ್ವರ ಬರುತ್ತದೆ. ನೇರವಾದ ಪಿವಿಸಿಯಲ್ಲಿ ಅದು ಹೆಚ್ಚುಕಡಿಮೆ ಮೇಲಿನ ಪಂಚಮ, ನಮ್ಮ ಶ್ರುತಿಗೆ ಹೇಳಿ ಮಾಡಿಸಿದ ಹಾಗೆ. ಕೆಳಗೆ ಅಗಲವಾಗುವ ಮರದ ಕೊಳವೆಯಲ್ಲಿ ಅದು ಬೇರೆ ಸ್ವರಕ್ಕೆ ಬೀಳಬಹುದು. ಕೊಳ್ಳುವ ಮುಂಚೆ ಕೆಳಗಿನ ಸ್ವರದ ಜೊತೆ ಈ ಕಹಳೆ ಸ್ವರವನ್ನೂ ಟ್ಯೂನರ್‌ನಲ್ಲಿ ನೋಡಿ. ಅಂದ ಹಾಗೆ, ಈ ಕಹಳೆ ಸ್ವರ ಯೋಲ್ಙು ಶೈಲಿಯ ಗುರುತು. ಪಶ್ಚಿಮದ ಮಾಗೊ ಶೈಲಿಯಲ್ಲಿ ಅದನ್ನು ಬಳಸುವುದಿಲ್ಲ.

ಎಲ್ಲಿ ಕೊಳ್ಳಬೇಕು ಎನ್ನುವುದು ತುಂಬಾ ಮುಖ್ಯ. ಪ್ರವಾಸಿಗರ ಅಂಗಡಿಯ ಚುಕ್ಕಿ ಬಣ್ಣದ ಕೊಳವೆಗಳಲ್ಲಿ ಮೂಲ ಜನರು ಮಾಡಿದ್ದು ಕಡಿಮೆ. ಬಿರೂಬಿ ಆರ್ಟ್ ಎಂಬ ಕಂಪನಿ ಇಂಡೋನೇಷ್ಯಾದಲ್ಲಿ ಮಾಡಿಸಿದ 18,000ಕ್ಕೂ ಹೆಚ್ಚು ವಸ್ತುಗಳನ್ನು ಮೂಲನಿವಾಸಿಗಳ ಕೈಕೆಲಸ ಎಂಬಂತೆ ಮಾರಿತ್ತು. ಡಿಡ್ಜರಿಡೂಗಳೂ ಅದರಲ್ಲಿದ್ದವು. 2019ರಲ್ಲಿ ಆಸ್ಟ್ರೇಲಿಯಾದ ಫೆಡರಲ್ ಕೋರ್ಟ್ ಅದಕ್ಕೆ 23 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಯಿರ್ಕಲ ಊರಿನಲ್ಲಿ ಯೋಲ್ಙು ಜನರೇ ನಡೆಸುವ ಬುಕು-ಲಾರ್‌ಙ್ಗಾಯ್ ಮುಲ್ಕ ಕಲಾಕೇಂದ್ರ ಇದೆ. ಅಂಥ ಕಡೆ ಕೊಂಡರೆ ದುಡ್ಡು ಮಾಡಿದವರ ಕೈ ಸೇರುತ್ತದೆ, ಮಾಡಿದವರ ಹೆಸರೂ ನಿಮಗೆ ಗೊತ್ತಾಗುತ್ತದೆ. ಆ ಹೆಸರನ್ನು ಮರೆಯಬೇಡಿ, ಆಮೇಲೆ ಬೇಕಾಗುತ್ತದೆ.

ಮೂರನೇ ಹೆಜ್ಜೆ: ತುಟಿ ಮತ್ತು ಉಸಿರು

ಕುದುರೆ ತುಟಿ ಬಡಿದು ಬುರ್‌ರ್ ಅನ್ನುತ್ತದಲ್ಲ, ಹಾಗೆ ತುಟಿ ಸಡಿಲ ಬಿಟ್ಟು ಊದಿ. ಕೊಳವೆಯನ್ನು ತುಟಿಗೆ ಮೆಲ್ಲಗೆ ತಾಗಿಸಿ, ಒತ್ತಬೇಡಿ. ಗಾಳಿ ಎಲ್ಲೂ ಸೋರಬಾರದು. ಮೊದಲ ವಾರ ಇದೊಂದೇ ಸಾಕು. ಜೋರಾಗಿ ಊದಿದರೆ ನಾದ ಒಡೆಯುತ್ತದೆ, ತಲೆ ಸುತ್ತುತ್ತದೆ. ಸುತ್ತಿದರೆ ನಿಲ್ಲಿಸಿ ಕೂತುಬಿಡಿ.

ಎರಡನೇ ವಾರದಿಂದ ಸರ್ಕ್ಯುಲರ್ ಬ್ರೀದಿಂಗ್, ಅಂದರೆ ನಾದ ನಿಲ್ಲಿಸದೆ ಮೂಗಿನಿಂದ ಉಸಿರು ಎಳೆದುಕೊಳ್ಳುವುದು. ಇದು ನಮಗೆ ಹೊಸದಲ್ಲ. ಹಾವಾಡಿಗರ ಪುಂಗಿ ನಿಲ್ಲದೆ ನುಡಿಯುವುದು ಇದರಿಂದಲೇ. ನಾಗಸ್ವರದ ಪಕ್ಕದಲ್ಲಿ ಒತ್ತು ಊದುವವರು ಗಂಟೆಗಟ್ಟಲೆ ಶ್ರುತಿ ಹಿಡಿಯುತ್ತಿದ್ದದ್ದೂ ಹೀಗೇ. ಮೊದಲು ನೀರಿನಿಂದ ಕಲಿಯಿರಿ. ಬಾಯಿ ತುಂಬಾ ನೀರು ಹಿಡಿದು, ಕೆನ್ನೆ ಒತ್ತಿ ಸಣ್ಣ ಧಾರೆಯಾಗಿ ಬಚ್ಚಲಿಗೆ ಬಿಡಿ. ಧಾರೆ ಬೀಳುತ್ತಿರುವಾಗಲೇ ಮೂಗಿನಿಂದ ಚಿಕ್ಕದಾಗಿ ಉಸಿರು ಎಳೆಯಿರಿ. ಕೆನ್ನೆಯ ಕೆಲಸ ಬೇರೆ, ಮೂಗಿನ ಕೆಲಸ ಬೇರೆ ಎಂದು ಮೈಗೆ ಗೊತ್ತಾಗುವುದು ಇಲ್ಲೇ. ನಂತರ ಲೋಟದ ನೀರಿಗೆ ಸ್ಟ್ರಾ ಹಾಕಿ ಗುಳ್ಳೆ ಬಿಡಿ, ಗುಳ್ಳೆ ನಿಲ್ಲದ ಹಾಗೆ ಮೂಗಿನಿಂದ ಉಸಿರು ತೆಗೆದುಕೊಳ್ಳಿ. ಇದಾದ ಮೇಲೆ ಕೊಳವೆಗೆ ಬನ್ನಿ.

ನಾನು ತಪ್ಪಿದ್ದು ಇಲ್ಲೇ. ಉಸಿರು ಎಳೆಯುವುದು ಯಾರಿಗೂ ಗೊತ್ತಾಗಬಾರದು ಅಂತ ಮುಚ್ಚಿಡಲು ಹೋದೆ. ಆರ್ನ್‌ಹೆಮ್ ಲ್ಯಾಂಡ್‌ನ ವಾದಕರು ಅದನ್ನು ಮುಚ್ಚಿಡುವುದಿಲ್ಲ. ಉಸಿರು ಎಳೆಯುವ ಕ್ಷಣವೇ ನಡೆಯ ಒಂದು ಪೆಟ್ಟು. ಕೆನ್ನೆ ಒತ್ತಿದಾಗ ಸ್ವರ ಒಂದಿಷ್ಟು ಏರಿ ಇಳಿಯುತ್ತದೆ. ಅದು ದೋಷವಲ್ಲ, ಅದೇ ಲಯ. ಆದ್ದರಿಂದ ಉದ್ದ ಉಸಿರಿಗಿಂತ ಚಿಕ್ಕ ಚಿಕ್ಕ ಉಸಿರು ಅಭ್ಯಾಸ ಮಾಡಿ. ನಾಲ್ಕು ಎಣಿಕೆಗೆ ಒಂದು, ಆಮೇಲೆ ಎರಡು ಎಣಿಕೆಗೆ ಒಂದು.

ನಾಲ್ಕನೇ ಹೆಜ್ಜೆ: ನಾಲಿಗೆಗೆ ಸೊಲ್ಲು ಕೊಡಿ

ಯೋಲ್ಙು ಮಕ್ಕಳು ನಡೆಗಳನ್ನು ಮೊದಲು ಬಾಯಲ್ಲಿ ಹೇಳಿ ಕಲಿಯುತ್ತಾರೆ. ನಮ್ಮ ಕೊನ್ನಕೋಲ್ ಹಾಗೇ. ಹೇಳಲು ಬಂದರೆ ನುಡಿಸಲು ಬರುತ್ತದೆ. ನೀವು ತಾಳದಲ್ಲಿ 'ತಕಧಿಮಿ' ಹೇಳಬಲ್ಲಿರಾದರೆ ಅರ್ಧ ದಾರಿ ನಡೆದಿದ್ದೀರಿ. ತುಟಿ ಬುರ್‌ರ್ ಅನ್ನುತ್ತಿರುವಾಗ ಒಳಗೆ 'ತ' ಎನ್ನಿ, ನಾಲಿಗೆಯ ತುದಿ ಹಲ್ಲಿಗೆ ಬಡಿದು ಗಾಳಿ ಕಡಿಯುತ್ತದೆ. 'ಕ' ಎನ್ನಿ, ನಾಲಿಗೆಯ ಬುಡ ಕಡಿಯುತ್ತದೆ. 'ಟ' ಅಂದಾಗ ನಾಲಿಗೆ ಹಿಂದೆ ಮಡಚಿ ಬೇರೆಯದೇ ಗುಂಡು ಸದ್ದು. 'ಇ' ಎಂದರೆ ನಾದ ಹೊಳೆಯುತ್ತದೆ, 'ಊ' ಎಂದರೆ ಮಂಕಾಗುತ್ತದೆ.

ಯಾಕೆ ಹೀಗೆ? ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದನ್ನು ಅಳೆದು 2005ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಬಾಯಿ, ಗಂಟಲಿನ ಒಳಗಿನ ಜಾಗ ಒಂದು ಜರಡಿಯ ಹಾಗೆ ಕೆಲಸ ಮಾಡುತ್ತದೆ. 1,000ದಿಂದ 2,000 ಹರ್ಟ್ಸ್ ಆಸುಪಾಸಿನ ಕೆಲವು ಮೇಲಿನ ಸ್ವರಗಳನ್ನು ಅದು ತಡೆಯುತ್ತದೆ. ತಡೆಯದೆ ಉಳಿದವು ಎದ್ದು ಕೇಳುತ್ತವೆ. ಅಂದರೆ ಬಣ್ಣ ಹುಟ್ಟುವುದು ಕೊಳವೆಯಲ್ಲಲ್ಲ, ನಿಮ್ಮ ಬಾಯಲ್ಲಿ. ಇದಕ್ಕೆ ಗಂಟಲ ದನಿಯನ್ನೂ ಸೇರಿಸಬಹುದು. ಅಲ್ಲಿನವರು ಕುಕಬುರ್ರಾ ಹಕ್ಕಿಯನ್ನು, ಡಿಂಗೊ ನಾಯಿಯನ್ನು ಕೂಗಿಸುವುದು ಹೀಗೆ. ನೀವು ನಿಮ್ಮೂರಿನ ಹಕ್ಕಿಯನ್ನು ಕೂಗಿಸಿ.

ಅಭ್ಯಾಸಕ್ಕೆ ಒಂದು ಕ್ರಮ: ಆದಿತಾಳ ನಿಧಾನವಾಗಿ. ಮೊದಲು ಬಾಯಲ್ಲಿ ಹೇಳಿ, ಆಮೇಲೆ ಕೊಳವೆಯಲ್ಲಿ. ಪ್ರತಿ ಎರಡು ಎಣಿಕೆಯ ಕೊನೆಗೆ ಉಸಿರು. ನಂತರ 'ತಕಿಟ' ಮೂರರ ನಡೆ, ಅಲ್ಲಿ ಉಸಿರಿನ ಜಾಗ ತಾನಾಗೇ ಬದಲಾಗುತ್ತದೆ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು.

ಐದನೇ ಹೆಜ್ಜೆ: ಬ್ಯಾಂಡಿನಲ್ಲಿ ನಿಮ್ಮ ಜಾಗ

ಇದನ್ನು ಚೆನ್ನಾಗಿ ಮಾಡಿದವರಿಂದ ಕಲಿಯಬಹುದು. 1971ರಲ್ಲೇ ಜಾರ್ಜ್ ಡ್ರೈಫಸ್ ಎಂಬ ಸಂಯೋಜಕರು ಐದು ಗಾಳಿವಾದ್ಯಗಳ ಜೊತೆ ಡಿಡ್ಜರಿಡೂ ಸೇರಿಸಿ ಕೃತಿ ಬರೆದರು. 1986ರಲ್ಲಿ ಹುಟ್ಟಿದ ಯೋತು ಯಿಂಡಿ ಬ್ಯಾಂಡ್ ಯಿಡಕಿ ಮತ್ತು ಬಿಳ್ಮವನ್ನು ರಾಕ್ ಸಂಗೀತದ ನಡುವೆ ತಂದಿತು. ಮೌಂಟ್ ಐಸಾದಲ್ಲಿ ಹುಟ್ಟಿದ ವಿಲಿಯಂ ಬಾರ್ಟನ್ ಹದಿಹರೆಯದಲ್ಲೇ ಆರ್ಕೆಸ್ಟ್ರಾ ಜೊತೆ ನುಡಿಸಿದರು. ಸಂಯೋಜಕ ಪೀಟರ್ ಸ್ಕಲ್‌ಥಾರ್ಪ್ ಬಾರ್ಟನ್‌ಗಾಗಿಯೇ ದೊಡ್ಡ ಕೃತಿಗಳಲ್ಲಿ ಡಿಡ್ಜರಿಡೂ ಬರೆದರು. ಇತ್ತೀಚೆಗೆ ಬೇಕರ್ ಬಾಯ್ ಯೋಲ್ಙು ಭಾಷೆಯಲ್ಲಿ ರ‍್ಯಾಪ್ ಹಾಡುತ್ತಾ ತಾವೇ ಯಿಡಕಿ ನುಡಿಸುತ್ತಾರೆ. 2019ರಲ್ಲಿ ಅವರು ಆ ದೇಶದ ವರ್ಷದ ಯುವ ಸಾಧಕರಾಗಿ ಆಯ್ಕೆಯಾದರು. ಇವರನ್ನು ಕೇಳುವಾಗ ಒಂದು ಗಮನಿಸಿ: ವಾದ್ಯ ಎಲ್ಲಿ ಬರುತ್ತದೆ, ಎಲ್ಲಿ ಸುಮ್ಮನಾಗುತ್ತದೆ. ಸುಮ್ಮನಾಗುವ ಜಾಗ ಬಹಳ ಇವೆ.

ನಿಮ್ಮ ಹಾಡಿನಲ್ಲೂ ಹಾಗೆ ಮಾಡಿ. ಪಲ್ಲವಿಗೆ ಸುಮ್ನೆ ಇರಿ. ಚರಣದ ನಡುವಿನ ಬಿಡುವಿಗೆ ಎಂಟು ಆವರ್ತ ಬನ್ನಿ. ಸಿ ಕೊಳವೆಯ ನಾದ 65 ಹರ್ಟ್ಸ್ ಸುಮಾರು. ಬಾಸ್ ಗಿಟಾರ್, ಡೊಳ್ಳು, ತಬಲಾದ ಡಗ್ಗಾ ಎಲ್ಲ ಅದೇ ತಳದಲ್ಲಿ ಇರುತ್ತವೆ. ಎಲ್ಲರೂ ಒಟ್ಟಿಗೆ ನುಡಿದರೆ ಕೆಸರಾಗುತ್ತದೆ. ಬಾಸ್ ನುಡಿಸುವವರು ನಿಮ್ಮ ಭಾಗದಲ್ಲಿ ಒಂದು ಸ್ಥಾಯಿ ಮೇಲೆ ಹೋಗಲಿ, ಇಲ್ಲವೇ ಬಿಡಲಿ. ಮೋರ್ಸಿಂಗ್, ಕಂಜೀರ, ಕೊನ್ನಕೋಲ್ ಜೊತೆ ಈ ತೊಂದರೆಯೇ ಇಲ್ಲ. ಮೋರ್ಸಿಂಗ್ ಮತ್ತು ಡಿಡ್ಜರಿಡೂ ಸವಾಲ್-ಜವಾಬ್ ನಡೆಸಿದರೆ ಜನ ತಾವಾಗೇ ಮುಂದಕ್ಕೆ ಬಾಗಿ ಕೇಳುತ್ತಾರೆ.

ಆರನೇ ಹೆಜ್ಜೆ: ಮೈಕ್

ಕೊಳವೆಯ ಕೆಳತುದಿಗೆ ಮೈಕ್ ಬೇಕು, ಒಂದು ಗೇಣಿಗಿಂತ ಹತ್ತಿರ. ನೇರ ಬಾಯಿಗೆ ಹಿಡಿಯದೆ ಸ್ವಲ್ಪ ಓರೆ ಇಡಿ, ಗಾಳಿಯ ಸದ್ದು ತಪ್ಪುತ್ತದೆ. ಶೂರ್ ಎಸ್‌ಎಂ57 ಅಥವಾ 58 ಎಲ್ಲ ಕಡೆ ಸಿಗುತ್ತದೆ, ಅದರಲ್ಲಿ ನಾಲಿಗೆಯ ಪೆಟ್ಟು ಚೆನ್ನಾಗಿ ಬರುತ್ತದೆ. ಕೆಳಗಿನ ನಾದ ತುಂಬಾ ಬೇಕಿದ್ದರೆ ಕಿಕ್ ಡ್ರಮ್ಮಿಗೆ ಇಡುವ ಮೈಕ್ ಒಂದನ್ನು ಸೇರಿಸಿ. ಸೌಂಡ್‌ನವರಿಗೆ ಮೊದಲೇ ಮೂರು ಮಾತು ಹೇಳಿ: ಸಬ್‌ವೂಫರ್ ಇರಲಿ, 40 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ, 1,000ದಿಂದ 2,000ದ ನಡುವಿನದನ್ನು ತಗ್ಗಿಸಬೇಡಿ. ಆ ಕೊನೆಯ ಮಾತು ಬಿಟ್ಟರೆ ನಿಮ್ಮ ಸೊಲ್ಲುಗಳೆಲ್ಲ ಮಾಯವಾಗಿ ಬರೀ ಗುಂಯ್ ಉಳಿಯುತ್ತದೆ, ಮತ್ತೆ ತಂಬೂರಿ.

ಏಳನೇ ಹೆಜ್ಜೆ: ಜನರಿಗೆ ತಲುಪಿಸುವುದು

ಹೆಚ್ಚಿನವರು ನಿಮ್ಮನ್ನು ಮೊದಲು ಕೇಳುವುದು ಮೊಬೈಲ್‌ನಲ್ಲಿ. ಮೊಬೈಲ್ ಸ್ಪೀಕರ್‌ನಲ್ಲಿ 65 ಹರ್ಟ್ಸ್ ಕೇಳುವುದೇ ಇಲ್ಲ. ಉದ್ದ ನಾದದ ವಿಡಿಯೋ ಹಾಕಿದರೆ ಅವರಿಗೆ ಏನೂ ಸಿಗುವುದಿಲ್ಲ. ಹಾಗಾಗಿ ಸೊಲ್ಲು, ಕಹಳೆ ಸ್ವರ, ಹಕ್ಕಿ ಕೂಗು ಇರುವ ಭಾಗ ಆರಿಸಿ. ನಲವತ್ತು ಸೆಕೆಂಡ್ ಸಾಕು. ಮೊದಲ ಹತ್ತು ಸೆಕೆಂಡ್ ಬಾಯಲ್ಲಿ ಸೊಲ್ಲು ಹೇಳಿ, ಆಮೇಲೆ ಅದನ್ನೇ ಕೊಳವೆಯಲ್ಲಿ ನುಡಿಸಿ. ನಮ್ಮ ಜನಕ್ಕೆ ಸೊಲ್ಲು ಗೊತ್ತು. ಕೊಳವೆ ಏನು ಮಾಡುತ್ತಿದೆ ಎಂದು ಆಗ ಅವರಿಗೆ ತಕ್ಷಣ ಹಿಡಿಯುತ್ತದೆ. ಪೋಸ್ಟ್ ಮಾಡುವ ಮುಂಚೆ ಅಗ್ಗದ ಫೋನ್ ಒಂದರಲ್ಲಿ ಕೇಳಿ ನೋಡಿ.

ಪೋಸ್ಟರ್‌ನಲ್ಲಿ 'ಕಾಡು ಜನರ ನಾದ', 'ಆದಿಮಾನವರ ವಾದ್ಯ' ಎಂದು ಬರೆಯಬೇಡಿ. ಆ ಜನ ಇಂದು ರಾಕ್ ಹಾಡುತ್ತಾರೆ, ರ‍್ಯಾಪ್ ಹಾಡುತ್ತಾರೆ, ಆರ್ಕೆಸ್ಟ್ರಾ ಜೊತೆ ಕೂರುತ್ತಾರೆ. ಮೈಗೆ ಬಿಳಿ ಬಣ್ಣ ಬಳಿದುಕೊಳ್ಳುವುದು, ಚುಕ್ಕಿ ಚಿತ್ರ ಹಾಕಿಕೊಳ್ಳುವುದು ಬೇಡವೇ ಬೇಡ. ಆ ಗುರುತುಗಳಿಗೆ ವಾರಸುದಾರರಿದ್ದಾರೆ. ನಿಮ್ಮ ಮಾಮೂಲಿ ಜುಬ್ಬಾದಲ್ಲೇ ಬನ್ನಿ. ವಾದ್ಯ ಮಾಡಿದವರ ಹೆಸರು, ಊರು ಬರೆಯಿರಿ. ಪಿವಿಸಿ ಆದರೆ ಪಿವಿಸಿ ಎಂದೇ ಹೇಳಿ. ಹಾಡಿನ ವಿವರಣೆಯಲ್ಲಿ ಒಬ್ಬ ಯೋಲ್ಙು ಕಲಾವಿದರ ಕೊಂಡಿ ಕೊಡಿ. 1999ರಿಂದ ಗುಲ್ಕುಲದಲ್ಲಿ ನಡೆಯುತ್ತಿರುವ ಗಾರ್ಮ ಹಬ್ಬದ ಬಗ್ಗೆಯೂ ಹೇಳಬಹುದು. ಯೋಲ್ಙು ಜನರೇ ತಮ್ಮ ನೆಲದಲ್ಲಿ ನಡೆಸುವ ಹಬ್ಬ ಅದು.

"ಇದನ್ನು ಊದಿದರೆ ಗೊರಕೆ ಹೋಗುತ್ತಂತೆ, ಹೌದಾ?" ಎಂಬ ಪ್ರಶ್ನೆ ಪ್ರತಿ ಕಾರ್ಯಕ್ರಮದಲ್ಲೂ ಬರುತ್ತದೆ. ಹಿಂದೆ ಒಂದು ಆಧಾರ ಇದೆ. ಜ್ಯೂರಿಕ್‌ನಲ್ಲಿ ನಿದ್ದೆಯಲ್ಲಿ ಉಸಿರುಗಟ್ಟುವ ತೊಂದರೆ ಇದ್ದ 25 ಜನರ ಮೇಲೆ ಪ್ರಯೋಗ ನಡೆಯಿತು. ಕಲಿತವರಿಗೆ ನಾಲ್ಕು ತಿಂಗಳಲ್ಲಿ ಹಗಲಿನ ತೂಕಡಿಕೆ ಕಡಿಮೆಯಾಯಿತು. 2006ರ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅದು ಅಚ್ಚಾಯಿತು. ಆದರೆ 25 ಜನರ ಪ್ರಯೋಗ ಚಿಕ್ಕದು. ಇದನ್ನು ಔಷಧಿ ಎಂದು ಮಾರಬೇಡಿ. ಕೇಳಿದವರಿಗೆ ಇಷ್ಟನ್ನೇ ಹೇಳಿ, ವೈದ್ಯರ ಬಳಿ ಕಳಿಸಿ.

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಶಾಲೆಯ ಕಮ್ಮಟ. ಇಪ್ಪತ್ತು ಮಕ್ಕಳಿಗೆ ಇಪ್ಪತ್ತು ಪೈಪ್ ತುಂಡು ಬೇಕು, ಒಬ್ಬರದ್ದು ಇನ್ನೊಬ್ಬರ ಬಾಯಿಗೆ ಹೋಗಬಾರದು. ಹೆಸರು ಬರೆದ ಪಟ್ಟಿ ಅಂಟಿಸಿ, ಕೊನೆಗೆ ಅವರವರಿಗೇ ಕೊಟ್ಟುಬಿಡಿ. ಮೊದಲ ಹತ್ತು ನಿಮಿಷ ನಕ್ಷೆ ತೋರಿಸಿ ಆರ್ನ್‌ಹೆಮ್ ಲ್ಯಾಂಡ್ ಎಲ್ಲಿದೆ ಎಂದು ಹೇಳಿ. 'ಯಿಡಕಿ', 'ಬಿಳ್ಮ' ಎಂದು ಮಕ್ಕಳಿಂದ ಹೇಳಿಸಿ. ಆಮೇಲೆ ಅರ್ಧ ಗುಂಪಿಗೆ ಕೋಲಾಟದ ಕೋಲು ಕೊಡಿ, ಇನ್ನರ್ಧಕ್ಕೆ ಪೈಪ್. ಕೋಲಿನವರು ಎಣಿಕೆ ಹಿಡಿಯಲಿ, ಪೈಪಿನವರು ಅದರ ನಡುವೆ 'ತಕ' ಎನ್ನಲಿ. ಮೊದಮೊದಲು ಬರೀ ಗಾಳಿ ಬರುತ್ತದೆ. ಸ್ವಲ್ಪ ಹೊತ್ತಿಗೆ ಯಾರೋ ಒಬ್ಬರ ಪೈಪ್ ಬುರ್‌ರ್ ಅನ್ನುತ್ತದೆ, ಪಕ್ಕದವರು ತಮ್ಮದನ್ನು ಕೆಳಗಿಟ್ಟು ಅದನ್ನೇ ಕೇಳುತ್ತಾರೆ.